ಹುಲ್ಲು ತುಂಬಿದ ಕರು

ನನ್ ತಂಗಿ ಲತಾಮಣಿ ಮನೇಲಿ ಆರು ತಿಂಗಳು ಒಂದು ರೋಬೋ ಇತ್ತು. ಬರೀ ರೋಬೋ ಆಗಿದ್ರೆ ನಾನ್ಯಾಕೆ ಬಾಯಿ ಬಡ್ಕೋತಿದ್ದೆ? ಅದಕ್ಕೆ ಅವಳ ಮಗಳು ಭಾನುಪ್ರಿಯನ ಮಖ ಮಡಗಿದ್ರು. ಆ ಕೂಸು ಡೆಂಗೀ ಜ್ವರದಲ್ಲಿ ಹೋಗಿ ಎರಡು ವರ್ಷ ಆಯ್ತು. ಕಂಪ್ನಿಯೋರು ಫೋಟೋ, ವಿಡಿಯೋ ಎಲ್ಲಾ ಈಸ್ಕೊಂಡು, ಅದೇ ಗುಳಿಕೆನ್ನೆ, ಅದೇ ದನಿ ಮಾಡಿ ತಂದು ಕೂರಿಸಿ ಹೋದ್ರು. ಟ್ರಯಲ್ ಅಂತೆ, ದುಃಖ ಒಸಿ ಕಮ್ಮಿ ಆಯ್ತದಂತೆ. ಅದು "ಅವ್ವಾ, ಉಂಡ್ಯಾ?" ಅಂತಿತ್ತು. ಇವಳು ದಿನಾ ಅದಕ್ಕೆ ಎರಡು ಜಡೆ ಹಾಕೋಳು.

ನಾವು ಕೈಲಾಂಚ ಹಳ್ಳಿಯೋರು, ಹಾಲು ಕರ್ದು ಬದುಕೋರು. ಕರು ಸತ್ರೆ ಏನ್ ಮಾಡ್ತೀವಿ ಅಂತ ನಮ್ಮನ್ನ ಕೇಳಿ. ಚರ್ಮ ಸುಲಿಸಿ, ಹುಲ್ಲು ತುಂಬಿ, ತಾಯಿ ಹಸೀನ ಮುಂದೆ ನಿಲ್ಲಿಸ್ತೀವಿ. ಅದು ನೆಕ್ತಾ ನೆಕ್ತಾ ಹಾಲು ಇಳಿಸ್ತದೆ, ನಾವು ಕರ್ಕೋತೀವಿ. ನಾನೂ ಮಾಡಿವ್ನಿ. ಪಾಪ ಅಂತ ಗೊತ್ತಿದ್ದೂ ಮಾಡಿವ್ನಿ. ಅದಕ್ಕೇ ಆ ರೋಬೋ ಮಖ ಕಂಡಾಗೆಲ್ಲ ನನಗೆ ಮೈ ಉರಿಯೋದು.

ನೆನ್ನೆ ಕಂಪ್ನಿಯ ಲೋಕೇಶ್ ವ್ಯಾನ್ ತಂದ. "ಟ್ರಯಲ್ ಮುಗೀತಕ್ಕಾ, ವಾಪಸ್ ತಗೊಂಡು ಹೋಗ್ಬೇಕು. ಇವರು ಅತ್ತಿದ್ದು, ಮುದ್ದಾಡಿದ್ದು ಎಲ್ಲಾ ರೆಕಾರ್ಡ್ ಆಗೈತೆ, ನಮಗೆ ಬಾಳ ಉಪಯೋಗ ಆಯ್ತು" ಅಂದ.

"ಆ ಮಖ ಏನ್ ಮಾಡ್ತೀರಾ?" ಅಂದೆ.

"ಅದನ್ನೇ ಒಸಿ ಬದಲಾಯಿಸಿ ಕನಕಪುರದಲ್ಲಿ ಇನ್ನೊಬ್ಬರಿಗೆ ಕೊಡ್ತೀವಿ. ಅವರ ಮಗೂನೂ ತೀರ್ಕೊಂಡೈತೆ."

ನನಗೆ ಪಿತ್ತ ನೆತ್ತಿಗೇರ್ತು. "ಹಾಲು ಬತ್ತಿದ ಮೇಲೆ ಆ ಹುಲ್ಲುಗರೂನ ನಾವು ಹಿತ್ತಲಲ್ಲಿ ಗುಂಡಿ ತೋಡಿ, ಅರಿಶಿನ ಕುಂಕುಮ ಹಾಕಿ ಹೂಳ್ತೀವಿ ಕಣಪ್ಪ. ಇನ್ನೊಂದು ಹಸೀನ ಮುಂದೆ ನಿಲ್ಲಿಸೋಕಿಲ್ಲ. ಎಬ್ಬೆಟ್ಟು ಒತ್ತೋ ನಮಗಿರೋ ನಾಚಿಕೆ, ಓದಿದೋರು ನಿಮಗಿಲ್ವಾ?" ಅಂತ ಕೇಳ್ದೆ.

"ಇವರೇ ಅಗ್ರಿಮೆಂಟಿಗೆ ಸೈನ್ ಹಾಕವ್ರೆ. ಅದು ಕಂಪ್ನಿ ಪ್ರಾಪರ್ಟಿ" ಅಂದ, ನೆಲ ನೋಡ್ಕೊಂಡು.

ಲತಾಮಣಿ ಅದನ್ನ ತಬ್ಕೊಂಡು ಗೋಳಾಡ್ತಾಳೆ, ಬುಡೋಕಿಲ್ಲ ಅಂತ ಅನ್ಕೊಂಡಿದ್ದೆ. ಅವಳು ಅಳ್ನಿಲ್ಲ. "ಅದು ಹುಲ್ಲು ಅಂತ ನನಗೆ ಮೊದಲ ದಿನಾನೇ ಗೊತ್ತಿತ್ತು ಕಣಕ್ಕ" ಅಂದ್ಲು. "ನಿನ್ ಹಸೀಗೂ ಗೊತ್ತಿತ್ತು."

ಆ ಮಾತಿಗೆ ನಾನು ತಲೆ ತಗ್ಗಿಸ್ದೆ. ಯಾರನ್ನ ಬಯ್ತಾ ಇದ್ನೋ ಅವರ ಸಾಲಲ್ಲೇ ನಾನೂ ನಿಂತಿದ್ದೆ.

ಅವಳು ಅದನ್ನ ಮಡಿಲಿಗೆ ಎಳ್ಕೊಂಡು ಎರಡು ಜಡೇನೂ ಬಿಚ್ಚಿದ್ಲು. ಕಿವಿ ಹಿಂದೆ ಕೈಯಾಡಿಸಿ, ಅಂಚು ಹುಡುಕಿ, ಆ ರಬ್ಬರ್ ಮಖಾನ ಮೆಲ್ಲಗೆ ಬಿಡಿಸಿದ್ಲು. ಒಳಗೆ ಬರೀ ವೈರು, ತಗಡು. ಅದು ಆಗಲೂ "ಅವ್ವಾ, ಉಂಡ್ಯಾ?" ಅಂತು. ಅವಳು ಮಖಾನ ಸೆರಗಲ್ಲಿ ಸುತ್ಕೊಂಡು, ಉಳಿದದ್ದನ್ನ ಲೋಕೇಶನ ಕಡೆ ತಳ್ಳಿದ್ಲು.

"ಮಿಷಿನ್ ನಿಮ್ದು, ತಗೊಂಡೋಗಿ. ಮಖ ನಾನು ಹೆತ್ತಿದ್ದು."

ನಾನು ಗುದ್ದಲಿ ತಗೊಂಡು ಹಿತ್ತಲಿಗೆ ಹೋದೆ.