ನಕ್ಷೆಯ ತಳದ ಊರು

ತೀರಿಕೊಂಡ ಅಪ್ಪನಿಗೆ ತೊಡಿಸುತ್ತಿದ್ದ ಅಂಗಿಯ ಮೂರನೇ ಗುಂಡಿ ಮಗಳ ಬೆರಳಿಗೆ ಸಿಗಲೇ ಇಲ್ಲ. ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ತಿಳಿಯುತ್ತಿರಲಿಲ್ಲ. ನಾಲ್ಕು ದಿನದಿಂದ ಬಲಗೈ ಜೋಮು ಹಿಡಿದಂತಿತ್ತು. ಮಗ್ಗುಲು ತಪ್ಪಿ ಮಲಗಿದ್ದರಿಂದ ಹೀಗಾಗಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಅಳುವಿಗೆ ಕೈ ನಡುಗುತ್ತಿದೆ ಎಂದುಕೊಂಡ ಸೋದರತ್ತೆ ಉಳಿದ ಗುಂಡಿಗಳನ್ನು ತಾವೇ ಹಾಕಿದರು.

ನಡುಮನೆಯಲ್ಲಿ ಅಪ್ಪನ ಕಚೇರಿಯವರು ಕುರ್ಚಿ ಸಾಲದೆ ಗೋಡೆಗೊರಗಿ ನಿಂತಿದ್ದರು. ಆರೋಗ್ಯ ಇಲಾಖೆಯ ಅಂಕಿಅಂಶ ವಿಭಾಗದಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದ ಅಪ್ಪನಿಗೆ ಅಲ್ಲಿ ‘ನಕ್ಷೆಯಪ್ಪ’ ಎಂದೇ ಹೆಸರು. ಬಣ್ಣದ ಪೆನ್ಸಿಲು ಹಿಡಿದು ಕೂತರೆ ಪಕ್ಕದಲ್ಲಿ ಗುಡುಗಿದರೂ ಕೇಳುತ್ತಿರಲಿಲ್ಲವಂತೆ.

*

ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಮನೆಯವರೆಲ್ಲ ದೇಶದ ಉತ್ತರದ ಒಂದು ಊರಿನಲ್ಲಿದ್ದರು. ಅಮ್ಮ ಮೊದಮೊದಲು ಎಡವುತ್ತಿದ್ದಳು. ಆಮೇಲೆ ಒಂದು ಕಣ್ಣು ಮಂಜಾಯಿತು, ಕೊನೆಗೆ ಹಾಸಿಗೆ ಹಿಡಿದಳು. ಮಲ್ಟಿಪಲ್ ಸ್ಕ್ಲೆರೋಸಿಸ್, ದೇಹವೇ ತನ್ನ ನರಗಳ ಹೊದಿಕೆಯನ್ನು ತಿನ್ನುವ ಕಾಯಿಲೆ ಎಂದರು ವೈದ್ಯರು. ಅವಳು ತೀರಿಕೊಂಡ ಮೇಲೆ ಅಪ್ಪ ಆ ಕಾಯಿಲೆಯ ಜಿಲ್ಲೆವಾರು ಪಟ್ಟಿ ತರಿಸಿ, ದೇಶದ ನಕ್ಷೆಯಲ್ಲಿ ರೋಗಿಗಳು ಹೆಚ್ಚಿದ್ದಲ್ಲೆಲ್ಲ ಕೆಂಪು ಬಣ್ಣ ತುಂಬಿದರು. ಬಿಸಿಲು ಕಡಿಮೆಯಿರುವ ಉತ್ತರ ಕಡುಗೆಂಪಾಯಿತು. ದಕ್ಷಿಣ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿಯಿತು. ಚಿಕ್ಕಂದಿನಲ್ಲೇ ಅಂಥ ಊರು ಬಿಟ್ಟವರಿಗೆ ಅಪಾಯ ತಗ್ಗಬಹುದೆಂದು ಎಲ್ಲೋ ಓದಿದ್ದರು. ವರ್ಗ ಕೇಳಿ ಪಡೆದು, ಮಗಳ ಕೈಹಿಡಿದು ನಕ್ಷೆಯ ತಳದ ಈ ಊರಿಗೆ ಬಂದಿಳಿದರು.

“ಇಲ್ಲಿ ನಿನಗೇನೂ ಆಗಲ್ಲ ಪುಟ್ಟಿ.”

ಇಪ್ಪತ್ತೆಂಟು ವರ್ಷ ಅವಳು ಆ ಮಾತನ್ನು ನಂಬಿಕೊಂಡಿದ್ದಳು.

*

ಅಪ್ಪ ನಿವೃತ್ತರಾದ ಮೇಲೆ ಕಚೇರಿಯಲ್ಲಿ ಅವರ ಜಾಗಕ್ಕೆ ಬಂದಿದ್ದ ಹೆಂಗಸು ಅಡುಗೆಮನೆಗೆ ಬಂದು ಅವಳ ಪಕ್ಕ ನಿಂತಳು. ಮಾತು ಎಲ್ಲೆಲ್ಲೋ ಹೋಗಿ ನಕ್ಷೆಗೆ ಬಂತು. ಹತ್ತು ವರ್ಷದಿಂದ ದಕ್ಷಿಣದ ಅಂಕಿಯೂ ಏರುತ್ತಲೇ ಇದೆ, ಉತ್ತರಕ್ಕೂ ಇಲ್ಲಿಗೂ ಇದ್ದ ಅಂತರ ಅರ್ಧಕ್ಕರ್ಧ ಕರಗಿದೆ ಎಂದಳು.

“ಕಾಯಿಲೆ ಹೆಚ್ಚಾಯ್ತೋ, ಅದನ್ನ ಹಿಡಿಯೋ ಯಂತ್ರ ಬಂದು ಈಗ ಕಾಣ್ತಿದೆಯೋ, ಯಾರಿಗೂ ಗೊತ್ತಿಲ್ಲ. ನಿಮ್ಮಪ್ಪ ಮಾತ್ರ ಹೊಸ ನಕ್ಷೆ ಮನೆಗೆ ಒಯ್ತಿರಲಿಲ್ಲ.”

“ಯಾಕೆ?”

“ಮಗಳು ನೋಡಿಬಿಟ್ಟಾಳು ಅಂತ.”

ಮಗಳಿಗೆ ಭಾನುವಾರಗಳು ನೆನಪಾದವು. ಈಚಿನ ವರ್ಷಗಳಲ್ಲಿ ಅಪ್ಪ ಅವಳ ಮನೆಗೆ ಬಂದಾಗಲೆಲ್ಲ ಸೂಜಿಗೆ ದಾರ ಪೋಣಿಸಿಕೊಡು ಎನ್ನುತ್ತಿದ್ದರು. ಅವಳ ಒಂದು ಕಣ್ಣು ಮುಚ್ಚಿಸಿ ಕ್ಯಾಲೆಂಡರಿನ ಸಣ್ಣಕ್ಷರ ಓದಿಸುತ್ತಿದ್ದರು. ಮುದುಕರಿಗೆ ಅರಳುಮರುಳು ಎಂದು ಅವಳು ನಗುತ್ತಿದ್ದಳು. ಅವಳು ಸರಿಯಾಗಿ ಓದಿ ಮುಗಿಸಿದ ಮೇಲೆಯೇ ಅವರು ಊಟಕ್ಕೆ ಕೂರುತ್ತಿದ್ದರು.

“ಕೈ ಜೋಮು ಹಿಡಿದ್ರೆ,” ಎಂದಳು ಮಗಳು ಮೆಲ್ಲಗೆ, “ಮೊದಲು ಯಾರಿಗೆ ತೋರಿಸಬೇಕು?”

ಆ ಹೆಂಗಸು ಅವಳ ಕೈಯನ್ನೊಮ್ಮೆ ನೋಡಿ, ನರರೋಗ ವೈದ್ಯರೊಬ್ಬರ ಹೆಸರು ಬರೆದುಕೊಟ್ಟಳು.

ಹೊರಗೆ ಶವವಾಹನ ಬಂದು ನಿಂತಿತ್ತು. ಮೊದಲೇ ಹತ್ತಿ ಕೂತಿದ್ದ ಸೋದರತ್ತೆ ಕೈ ಚಾಚಿದರು. ಮಗಳು ಎಡಗೈ ಕೊಟ್ಟು, ಹತ್ತಿ ಪಕ್ಕದಲ್ಲಿ ಕೂತಳು. ನಾಲ್ಕು ವರ್ಷ ಅವಳ ಅಮ್ಮನಿಗೆ ತುತ್ತು ತಿನ್ನಿಸಿದ್ದ ಆ ಮುದುಕಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿದರು. ಆಮೇಲೆ ಬಗ್ಗಿ, ಪಕ್ಕಕ್ಕೆ ಜೋತುಬಿದ್ದಿದ್ದ ಬಲಗೈಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು.