ಆಚೆ ದಡದ ಓಟು

ಬೆಳಗಿನ ಚಹಾ ಮುಗಿಯುವ ಮೊದಲೇ ಬಿಳಿ ಅಂಗಿ ತೊಟ್ಟು ಮುಂದಿನ ಕೋಣೆಯಲ್ಲಿ ಬಂದು ಕೂರುವುದು ಗುಡುಗಣ್ಣನವರ ಹಳೆಯ ಅಭ್ಯಾಸ. ಆ ಅಂಗಿಯ ಇಸ್ತ್ರಿ ಎಷ್ಟು ಖಡಕ್ಕೆಂದರೆ ಕಾಲರಿನ ತುದಿಯಲ್ಲಿ ತರಕಾರಿ ಹೆಚ್ಚಬಹುದಿತ್ತು. ನಾಲ್ಕು ಸಲ ಶಾಸಕರಾಗಿ ಗೆದ್ದ ಮನುಷ್ಯ. ಅವರು ಗಂಟಲು ಬಿಚ್ಚಿದರೆ ಮೈಕಿಗೇ ನಾಚಿಕೆಯಾಗಿ ಅದು ತಾನಾಗಿ ಕೆಟ್ಟು ನಿಲ್ಲುತ್ತಿತ್ತು. ಹೊಳೆಯ ಈ ದಡದಲ್ಲಿ ನಿಂತು ‘ನನ್ನ ಪ್ರೀತಿಯ ಬಂಧುಗಳೇ’ ಎಂದರೆ ಆಚೆ ದಡದಲ್ಲಿ ಮಲಗಿದ್ದ ನಾಯಿ ಎದ್ದು ಬಾಲ ಅಲ್ಲಾಡಿಸುತ್ತಿತ್ತು. ಗುಡುಗಣ್ಣ ಎಂಬ ಹೆಸರು ಹಾಗೆ ಬಂದದ್ದು. ಅಪ್ಪ ಇಟ್ಟ ಹೆಸರನ್ನು ಅವರ ಹೆಂಡತಿಯೂ ಮರೆತಿದ್ದಳು.

ಅಂಥವರು ಐದನೇ ಚುನಾವಣೆಯಲ್ಲಿ ಸೋತರು. ಸೋತದ್ದಾದರೂ ಯಾರೆದುರು? ವೇದಿಕೆ ಹತ್ತಿದರೆ ಕಾಲು ನಡುಗುವ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಒಬ್ಬ ಬಡಕಲು ಮೇಷ್ಟ್ರೆದುರು.

ಅಲ್ಲಿಂದಾಚೆಗೆ ಮುಂದಿನ ಕೋಣೆಯ ಬೆಂಚುಗಳ ಮೇಲೆ ಧೂಳು ಮಾತ್ರ ಕೂರತೊಡಗಿತು. ಒಂದು ಕಾಲದಲ್ಲಿ ಬಾಗಿಲ ಹೊರಗೆ ಬಿದ್ದಿರುತ್ತಿದ್ದ ಚಪ್ಪಲಿಗಳ ರಾಶಿ ಹತ್ತಿ ಬೆಕ್ಕು ಮಹಡಿಯ ಕಿಟಕಿಗೆ ಹಾರುತ್ತಿತ್ತು. ಈಗ ಆ ಬೆಕ್ಕೂ ಮೆಟ್ಟಿಲಲ್ಲೇ ಹತ್ತಬೇಕು.

ಒಂದು ಬೆಳಿಗ್ಗೆ ಬಾಗಿಲ ಕರೆಗಂಟೆ ಬಾರಿಸಿತು. ಗುಡುಗಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡರು. ಒಬ್ಬ ತರುಣ ಬಾಗಿಲಲ್ಲಿ ನಿಂತಿದ್ದ.

“ಬಾರಪ್ಪ, ಕೂತ್ಕೋ. ಅಂಜಬೇಡ. ಏನು ಕಷ್ಟ ಹೇಳು. ಕೆಲಸದ್ದಾ? ವರ್ಗಾವಣೇದಾ? ಯಾರಿಗೆ ಫೋನ್ ಮಾಡ್ಬೇಕು?”

“ಮೀಟರ್ ಎಲ್ಲಿದೆ ಸಾರ್?” ಎಂದ ಅವನು. “ಕರೆಂಟ್ ಬಿಲ್ಲು ಬರೀಬೇಕು.”

ಒಳಗಿಂದ ಹೆಂಡತಿಯ ದನಿ ಬಂತು: “ಅಡುಗೆಮನೆ ಹಿಂದೆ ಇದೆ ಕಣಪ್ಪ. ರೀ, ಅವನನ್ನಾದ್ರೂ ಬಿಡಿ, ಪಾಪ. ನಿನ್ನೆ ಹಾಲಿನವನಿಗೆ ಭಾಷಣ ಮಾಡಿ ಹಾಲು ಒಡೆಸಿದ್ರಿ.”

“ನಿಂಗೇನೇ ಗೊತ್ತು ಜನಸೇವೆ ಅಂದ್ರೆ!”

“ಗೊತ್ತಿಲ್ಲದೆ ಏನು? ಆ ಸೇವೆಗೆ ಚಹಾ ಕಾಯಿಸಿ ಕಾಯಿಸಿ ನನ್ನ ಕೈರೇಖೆ ಅಳಿಸಿ ಹೋಗಿದೆ.”

ಗುಡುಗಣ್ಣ ನಗಲಿಲ್ಲ. ತರುಣ ಹೋದ ಮೇಲೂ ಬಾಗಿಲನ್ನೇ ನೋಡುತ್ತಿದ್ದರು. ಹಸಿದವನಿಗೆ ಅನ್ನದ ಕನಸು ಬಿದ್ದಂತೆ ಅವರಿಗೆ ಜನಜಂಗುಳಿಯ ಕನಸು ಬೀಳುತ್ತಿತ್ತು. ನಿದ್ದೆಯಲ್ಲೇ ಕೈಕುಲುಕುತ್ತಿದ್ದರು, ದಿಂಬಿನ ತುದಿಯನ್ನೂ ಕುಲುಕುತ್ತಿದ್ದರೆಂದು ಹೆಂಡತಿಯ ದೂರು.

ಅಷ್ಟರಲ್ಲಿ ನೆರಳು ಬಂದ. ಗುಡುಗಣ್ಣನ ಮೊದಲ ಚುನಾವಣೆಯಿಂದಲೂ ಅವರ ಪಕ್ಕ ಬಿಡದ ಕಾರ್ಯಕರ್ತ ಅವನು, ಅದಕ್ಕೇ ಆ ಹೆಸರು. ಸೋತ ಮೇಲೂ ಬಿಡದವನು ಅವನೊಬ್ಬನೇ.

“ಅಣ್ಣಾ, ಕೆಟ್ವಿ! ಆ ಬಳಪದ ಕಡ್ಡಿ ಮೇಷ್ಟ್ರು ಹೊಳೆ ಸೇತುವೆಗೆ ಮಂಜೂರಾತಿ ತಂದ್ಬಿಟ್ಟಿದ್ದಾನೆ. ಇವತ್ತು ಎಂಜಿನಿಯರನ್ನ ಕರ್ಕೊಂಡು ಆಚೆ ದಡಕ್ಕೆ ಹೋಗ್ತಾನಂತೆ.”

ಗುಡುಗಣ್ಣ ಕುರ್ಚಿಯ ತುದಿಗೆ ಸರಿದರು. ಆ ಸೇತುವೆ ಅವರನ್ನು ನಾಲ್ಕು ಸಲ ಗೆಲ್ಲಿಸಿತ್ತು. ಹೇಗೆಂದರೆ, ಕಟ್ಟದೆ. ಪ್ರತಿ ಚುನಾವಣೆಗೂ ಮುನ್ನ ಹೊಳೆಯಂಚಿಗೆ ಬ್ಯಾಂಡಿನವರೊಂದಿಗೆ ಹೋಗಿ ಒಂದು ಅಡಿಗಲ್ಲು ಇಟ್ಟು ಬರುತ್ತಿದ್ದರು. ಅವರ ಹೆಸರು ಕೆತ್ತಿದ ಕಲ್ಲುಗಳ ಮೇಲೆ ಹೆಂಗಸರು ಬಟ್ಟೆ ಒಗೆದೂ ಒಗೆದೂ, ಆ ಊರಿನ ಅಂಗಿಗಳ ಬೆನ್ನಿನ ಮೇಲೆಲ್ಲ ಶಾಸಕರ ಹೆಸರು ಉಲ್ಟಾ ಅಚ್ಚಾಗಿತ್ತೆಂದು ಜನ ಆಡಿಕೊಳ್ಳುತ್ತಿದ್ದರು. ‘ಹಸಿವಿದ್ರೆ ತಾನೇ ಅಣ್ಣಾ ಅಡುಗೆಯವನ ನೆನಪು’ ಎಂದು ನೆರಳು ಮೊದಲ ಸಲ ಹೇಳಿದಾಗ ಗುಡುಗಣ್ಣನಿಗೆ ಕಸಿವಿಸಿಯಾಗಿತ್ತು. ಎರಡನೇ ಸಲ ಅಷ್ಟಾಗಲಿಲ್ಲ. ಆಮೇಲೆ ಅದು ಅವರದೇ ಮಾತಾಯಿತು.

“ಇನ್ನೂ ಕಾಲ ಮಿಂಚಿಲ್ಲ,” ನೆರಳು ಕುರ್ಚಿ ಹತ್ತಿರ ಎಳೆದುಕೊಂಡ. “ಆಚೆ ಕಡೆ ರಸ್ತೆ ಇಳಿಯೋದು ನಿಮ್ಮಕ್ಕನ ಹಿತ್ತಿಲಲ್ಲಿ. ಅಕ್ಕ ಜಾಗ ಕೊಡಲ್ಲ ಅಂತ ಕೋರ್ಟಿಗೆ ಹೋದ್ರೆ ಸಾಕು, ಮುಂದಿನ ಚುನಾವಣೆವರೆಗೂ ಕೇಸು ಎಳೀತಾ ಇರುತ್ತೆ. ಆಗ ಊರೂರಲ್ಲಿ ನಾವು ಕೇಳೋದು ಒಂದೇ: ಎಲ್ಲಪ್ಪಾ ಮೇಷ್ಟ್ರೇ ಸೇತುವೆ?”

“ಅದನ್ನೇ ಜನ ನಮ್ಮನ್ನ ತಿರುಗಿ ಕೇಳಿದ್ರೆ?”

“ಗೆದ್ದವನನ್ನ ಕೇಳ್ತಾರೆ ಅಣ್ಣಾ, ಸೋತವನನ್ನ ಯಾರು ಕೇಳ್ತಾರೆ?”

ಆ ಮಾತು ನಾಟಿತು. ಗುಡುಗಣ್ಣ ಎದ್ದು ಚಪ್ಪಲಿ ಮೆಟ್ಟಿದರು. ಹೆಂಡತಿ ಬಾಗಿಲಿಗೆ ಬಂದು, “ಅಕ್ಕನ ಮನೆಗೆ ಹೋಗ್ತಿದ್ದೀರ ಅಂದ್ರೆ ಕೂತು ಊಟ ಮಾಡ್ಕೊಂಡು ಬನ್ನಿ. ಮಿಕ್ಕಿದ್ದು ನಿಮ್ಮಿಷ್ಟ,” ಎಂದಷ್ಟೇ ಹೇಳಿದಳು.

ದೋಣಿ ತುಂಬಿತ್ತು. ಸೈಕಲ್ಲು, ಗ್ಯಾಸ್ ಸಿಲಿಂಡರು, ಬ್ಯಾಂಡೇಜು ಸುತ್ತಿದ ಕಾಲನ್ನು ಚಾಚಿಕೊಂಡ ಒಬ್ಬ ಮುದುಕ. ಜನ ಸರಿದು ಜಾಗ ಕೊಟ್ಟರು. ಆದರೆ ಮೊದಲಿನಂತೆ ಯಾರೂ ಎದ್ದು ನಿಲ್ಲಲಿಲ್ಲ. ಗುಡುಗಣ್ಣನ ಕಣ್ಣಿಗೆ ಬಿದ್ದದ್ದು ಮುದುಕನ ಕಾಲಲ್ಲ, ಜನ ಎದ್ದು ನಿಲ್ಲದಿದ್ದದ್ದು.

ಅಕ್ಕನ ಮನೆ ದಡದಿಂದ ಕೂಗಳತೆಯಲ್ಲಿತ್ತು. ಗುಡುಗಣ್ಣನ ಕೂಗಲ್ಲ, ಸಾಧಾರಣ ಮನುಷ್ಯರ ಕೂಗು. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಮದುವೆಯಾಗಿ ಈ ದಡಕ್ಕೆ ಬಂದಳು, ಗಂಡನನ್ನು ಕಳೆದುಕೊಂಡಳು, ಈಗ ಒಂದು ಹಸುವಿನೊಂದಿಗೆ ಇದ್ದಳು. ತಮ್ಮನನ್ನು ಕಂಡದ್ದೇ ಅವಳ ಮುಖ ಅರಳಿದ ಪರಿಗೆ ಹಿತ್ತಿಲಿನ ನೆರಳೆಲ್ಲ ಓಡಿಹೋಗಬೇಕಿತ್ತು. ಜೊತೆಗೆ ಬಂದಿದ್ದ ನೆರಳೆಂಬ ಹೆಸರಿನವನು ಮಾತ್ರ ಜಗಲಿಯಲ್ಲೇ ಕೂತ.

“ಬಂದ್ಯೇನೋ! ದಾರಿ ತಪ್ಪಿ ಬಂದ್ಯೋ, ದಾರಿ ಕೇಳ್ಕೊಂಡು ಬಂದ್ಯೋ?” ಎನ್ನುತ್ತ ತಟ್ಟೆ ಹಾಕಿದಳು. ಬಡಿಸಿದ್ದು ಒಂದು ಪಟಾಲಮ್ಮು ಉಣ್ಣುವಷ್ಟು.

ಗುಡುಗಣ್ಣ ಎರಡು ತುತ್ತು ತಿಂದು ಗಂಟಲು ಸರಿಮಾಡಿಕೊಂಡರು. “ಅಕ್ಕ, ಹಿತ್ತಿಲ ವಿಷಯ...”

“ಗೊತ್ತು. ಮೇಷ್ಟ್ರು ಹೇಳಿ ಕಳಿಸಿದ್ರು. ಕೊಡಬೇಡ ಅನ್ನೋಕೆ ಬಂದಿದ್ದೀಯ.”

“ಕೊಡಲೇಬೇಡ ಅಂತಲ್ಲ. ಈಗ ಬೇಡ. ಒಂದು ಸಲ ಗೆಲ್ಲೋಕೆ ಬಿಡು, ನಾನೇ ಕಟ್ಟಿಸ್ತೀನಿ. ಸಿಂಹಾಸನದಂಥ ಸೇತುವೆ.”

“ನಾಲ್ಕು ಸಲ ಗೆದ್ದಾಗ ಏನು ಕಟ್ದೆ? ಪಂಚೆನಾ?”

ಹೊರಗೆ ನೆರಳು ಕೆಮ್ಮಿದ. ಗುಡುಗಣ್ಣ ತಟ್ಟೆಯಲ್ಲಿ ಗೆರೆ ಎಳೆಯುತ್ತ ಕೂತರು. ಭಾಷಣಕ್ಕೆ ತಡವರಿಸದ ನಾಲಗೆ ಈಗ ಹುಡುಕಾಡಿತು.

“ನಿಂಗೆ ಹೇಳಿದ್ರೆ ನಗ್ತೀಯ. ಬೆಳಿಗ್ಗೆ ಎದ್ರೆ ಬಾಗಿಲ ಹತ್ರ ಚಪ್ಪಲಿ ಬಿಡೋ ಸದ್ದು ಕೇಳಿಸ್ತಿತ್ತು ಅಕ್ಕ. ಟಪ್, ಟಪ್, ಟಪ್ ಅಂತ. ಆ ಸದ್ದು ಕೇಳಿದ್ರೆ ಇವತ್ತು ನಾನು ಬೇಕಾದವನು ಅನ್ನಿಸೋದು. ಈಗ ಗಾಳಿಗೆ ಬಾಗಿಲು ಬಡಿದ್ರೂ ಎದ್ದು ನೋಡ್ತೀನಿ. ನಿಂಗೆ ಅರ್ಥವಾಗಲ್ಲ ಬಿಡು.”

“ನಂಗಾ?” ಅಕ್ಕ ನಕ್ಕಳು. ಆ ನಗು ಅರ್ಧದಲ್ಲೇ ನಿಂತಿತು. “ನಾನು ಅಷ್ಟು ಜೊತೆ ಚಪ್ಪಲಿಗೆ ಕಾಯ್ತಿರ್ಲಿಲ್ಲ ಕಣೋ. ಒಂದೇ ಜೊತೆಗೆ ಕಿವಿಗೊಟ್ಟು ಕೂತಿರ್ತಿದ್ದೆ.”

ಗುಡುಗಣ್ಣ ತಲೆ ಎತ್ತಿದರು.

“ನೀನು ಬಂದಾಗಲೆಲ್ಲ ಎರಡು ತುತ್ತಿಗೇ ‘ದೋಣಿ ಹೊರಡುತ್ತೆ ಅಕ್ಕ’ ಅಂತ ಎದ್ದು ಕೈ ತೊಳೀತಿದ್ದೆ. ಸೇತುವೆ ಆದ್ರೆ ಆ ನೆಪ ಇರಲ್ಲ ಅಂತ ನಂಗೆ ಆಸೆ. ನೀನು ಕಲ್ಲಿಡುವಾಗಲೆಲ್ಲ ಈ ದಡದಲ್ಲಿ ನಿಂತು ನೋಡ್ತಿದ್ದೆ. ನನ್ನ ತಮ್ಮ ನಡ್ಕೊಂಡು ಬರ್ತಾನೆ ಅಂತ.” ಅವಳು ಸಾರಿನ ಪಾತ್ರೆ ಕೆಳಗಿಟ್ಟಳು. “ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ಸಲ ನಿಂಗೆ ಓಟು ಹಾಕ್ಲಿಲ್ಲ ನಾನು.”

ಊರೇ ಕೈಬಿಟ್ಟಾಗ ಒಡೆಯದಿದ್ದ ಗುಡುಗಣ್ಣನ ದನಿ ಆಗ ಒಡೆಯಿತು. “ಅಕ್ಕಾ! ನೀನೂನಾ?”

“ಹೂಂ. ಮೇಷ್ಟ್ರಿಗೆ ಹಾಕ್ದೆ.”

“ಸೇತುವೆಗಾಗಿ?”

“ಸೇತುವೆ ಅವ್ರು ಕಟ್ತಾರೋ ಬಿಡ್ತಾರೋ ನಂಗೇನು ಗೊತ್ತಿತ್ತು? ನೀನು ಸೋತ್ರೆ ಬಿಡುವಾಗುತ್ತೆ, ಮನೆಗೆ ಬರ್ತೀಯ ಅಂತ ಹಾಕ್ದೆ.” ಅವಳು ಅವರ ಲೋಟಕ್ಕೆ ನೀರು ತುಂಬಿದಳು. “ಸೋತ ಮೇಲೂ ಬರಲಿಲ್ಲವಲ್ಲೋ.”

ಗುಡುಗಣ್ಣ ಎಷ್ಟೆಷ್ಟೋ ಮದುವೆಗೆ ಹೋಗಿದ್ದರು, ಸಾವಿಗೆ ಹೋಗಿದ್ದರು, ಕ್ಷೇತ್ರದಲ್ಲಿ ಒಂದು ಮಗು ಸೀನಿದರೂ ಹೋಗಿ ವಿಚಾರಿಸಿ ಬಂದಿದ್ದರು. ಈ ಮನೆಗೆ ಕೊನೆಯ ಸಲ ಬಂದದ್ದು ಯಾವಾಗೆಂದು ನೆನಪಿಸಿಕೊಳ್ಳಲು ಹೋಗಿ ನೆನಪಾದದ್ದು ಪ್ರಚಾರ. ಅಂದು ಕರಪತ್ರ ಕೊಟ್ಟಿದ್ದರು, ಅಕ್ಕನಿಗೂ ಒಂದು.

“ನೀನು ಬೇಡ ಅಂದ್ರೆ ಜಾಗ ಕೊಡಲ್ಲ, ಕೋರ್ಟಿಗೂ ಬರ್ತೀನಿ,” ಎಂದಳು ಅಕ್ಕ. “ಓಟು ಬೇರೆ, ತಮ್ಮ ಬೇರೆ. ಯೋಚನೆ ಮಾಡಿ ಹೇಳು. ಮೊದಲು ಉಣ್ಣು.”

ಗುಡುಗಣ್ಣ ತಟ್ಟೆ ಖಾಲಿ ಮಾಡುವಷ್ಟರಲ್ಲಿ ಹೊರಗೆ ಮಾತು ಕೇಳಿಸಿತು. ಮೇಷ್ಟ್ರು ಬಂದಿದ್ದರು. ಜೊತೆಗೆ ಎಂಜಿನಿಯರು, ಅಳತೆಯ ಟೇಪು ಹಿಡಿದ ಇಬ್ಬರು. ಬಾಗಿಲಲ್ಲಿ ಗುಡುಗಣ್ಣನನ್ನು ಕಂಡು ಮೇಷ್ಟ್ರು ಪಾಠ ಮರೆತ ವಿದ್ಯಾರ್ಥಿಯಂತೆ ನಿಂತರು.

“ನೀವಿರ್ತೀರ ಅಂತ ಗೊತ್ತಿರಲಿಲ್ಲ ಅಣ್ಣಾ. ನಾಳೆ ಬರ್ಲಾ? ಬಲವಂತ ಇಲ್ಲ. ಅಮ್ಮ ಮನಸಾರೆ ಕೊಟ್ರೆ ಮಾತ್ರ.” ಆಮೇಲೆ, ಯಾಕೆ ಹೇಳಬೇಕೆನಿಸಿತೋ, “ನಮ್ಮ ಪಕ್ಷದ ಹುಡುಗರೂ ಹೇಳ್ತಿದ್ದಾರೆ: ಇಷ್ಟು ಬೇಗ ಕಟ್ಟಿಬಿಟ್ರೆ ಜನ ಮರೀತಾರೆ, ಸ್ವಲ್ಪ ತಡ ಮಾಡಿ ಅಂತ,” ಎಂದರು.

“ನೀವೇನಂದ್ರಿ?” ಗುಡುಗಣ್ಣ ಕೇಳಿದರು.

“ಮರೀಲಿ ಅಂದೆ. ಆದ್ರೆ ನಿಜ ಹೇಳ್ಬೇಕು ಅಂದ್ರೆ, ಅಂದ ಮೇಲೆ ಭಯವಾಯ್ತು.”

ಜಗಲಿಯಿಂದ ನೆರಳು ಕಣ್ಣಲ್ಲೇ ‘ಬೇಡ’ ಎಂದ. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ, “ನನ್ನ ತಮ್ಮ ಹೇಳಿದ ಹಾಗೆ,” ಎಂದಳು. ಎಲ್ಲರೂ ಗುಡುಗಣ್ಣನ ಬಾಯಿ ನೋಡಿದರು. ಎಷ್ಟೋ ದಿನದ ಮೇಲೆ ಇಷ್ಟು ಜನ ಒಟ್ಟಿಗೆ ಅವರ ಬಾಯಿ ನೋಡಿದ್ದು. ಒಂದು ಗಳಿಗೆ ಅವರಿಗೆ ಹಿತವಾಯಿತು. ಒಂದು ಭಾಷಣ ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿಕೊಂಡು ಕುರ್ಚಿ ಎಳೆದು ಹಾಕಿದರು.

“ಬನ್ನಿ ಶಾಸಕರೇ,” ಎಂದರು. “ಕೂತ್ಕೊಳ್ಳಿ. ಅಕ್ಕ ಜಾಗ ಕೊಡ್ತಾಳೆ.”

‘ಶಾಸಕರೇ’ ಎಂಬ ಪದವನ್ನು ಅವರು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ಹಲ್ಲು ಕೀಳಿಸಿಕೊಂಡಷ್ಟು ನೋವಾಯಿತು, ಅಷ್ಟೇ ಹಗುರವೂ ಆಯಿತು. ಮೇಷ್ಟ್ರು ಕೂರುವುದನ್ನೇ ಮರೆತು ನಿಂತರು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, “ಒಲೆ ಹೊಗೆ,” ಎಂದಳು. ಅವಳ ಮನೆಯಲ್ಲಿ ಇದ್ದದ್ದು ಗ್ಯಾಸಿನ ಒಲೆ.

ಅಳತೆ ಶುರುವಾಯಿತು. ನೆರಳು ಹತ್ತಿರ ಬಂದು ಪಿಸುಗುಟ್ಟಿದ: “ಅಣ್ಣಾ, ಇನ್ನು ಮುಂದಿನ ಸಲ ಏನು ಹೇಳ್ಕೊಂಡು ಓಟು ಕೇಳೋದು?”

“ನಂಗೂ ಗೊತ್ತಿಲ್ಲ ಕಣೋ,” ಎಂದರು ಗುಡುಗಣ್ಣ. “ಒಳಗೆ ಹೋಗಿ ಊಟ ಮಾಡು. ಬಹಳ ಉಳಿದಿದೆ.”

ಎಂಜಿನಿಯರಿನ ಗೂಟ ಬಿದ್ದದ್ದು ಸರಿಯಾಗಿ ಕೊಟ್ಟಿಗೆಯ ನಡುವೆ. ಹಸುವನ್ನು ಹೊರಗೆ ತರಬೇಕಿತ್ತು. ಗುಡುಗಣ್ಣ ತೋಳು ಮಡಚಿ ತಾವೇ ಹೋದರು, ಹಗ್ಗ ಬಿಚ್ಚಿ “ಬಾ!” ಎಂದರು. ಮಾಡಿನ ಹೆಂಚುಗಳು ಅದುರಿದವು. ಹಸು ಕಣ್ಣು ಅಗಲಿಸಿ ಗೋಡೆಗೆ ಅಂಟಿಕೊಂಡಿತು. ಇನ್ನೊಮ್ಮೆ ಗುಡುಗಿದರು, ಅದು ಕಾಲು ಊರಿ ನಿಂತೇಬಿಟ್ಟಿತು.

“ಅಯ್ಯೋ, ಸಭೆನೇನೋ ಅದು?” ಬಾಗಿಲಲ್ಲಿ ಅಕ್ಕ ನಿಂತಿದ್ದಳು. “ಅದಕ್ಕೆ ನೀನು ಹೊಸಬ. ಹತ್ರ ಹೋಗಿ ಮೆಲ್ಲಗೆ ಕರಿ.”

ಗುಡುಗಣ್ಣ ಹತ್ತಿರ ಹೋದರು. ಇಸ್ತ್ರಿ ಅಂಗಿಗೆ ಜೊಲ್ಲು ಮೆತ್ತಿತು. ಅದರ ಕಿವಿಯ ಬಳಿ ಬಗ್ಗಿದರು. ಹಾಗೆ ಕರೆಯುವುದು ಹೇಗೆಂದು ತುಸು ಹೊತ್ತು ಹುಡುಕಬೇಕಾಯಿತು. ಆಮೇಲೆ, ಹೊರಗಿದ್ದವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ, “ಬಾರೇ ತಾಯಿ,” ಎಂದರು.

ಹಸು ಅವರ ಅಂಗೈ ಮೂಸಿತು. ಒಂದು ಹೆಜ್ಜೆ ಇಟ್ಟಿತು.