ಕೋಚ್ ಸಾಕ್ಷಿ ಹೇಳಿದ ದಿನ

ಬೆಂಚಿನ ಒಂದು ಕಾಲು ಗಿಡ್ಡ, ಕೋಚ್ ಕೂತಲ್ಲೇ ಕೊಂಚ ಸರಿದರೂ ಟಕ್ ಎನ್ನುತ್ತದೆ, ಮತ್ತೆ ಟಕ್, ಗಾಜಿನ ಬಾಗಿಲಿನ ಈಚೆಗೂ ಕೇಳಿಸುತ್ತದೆ, ಕೇಳಿಸಲಿ, ಕೂತಿರಲಿ, ವಿಚಾರಣೆ ಇರುವುದು ಹನ್ನೆರಡಕ್ಕೆ, ಒಂಬತ್ತಕ್ಕೇ ಬರುವಂತೆ ಪತ್ರ ಹಾಕಿಸಿದ್ದು ನಾನು — ಈ ಹಕ್ಕುಪತ್ರದ ಕಚೇರಿಯ ಗುಮಾಸ್ತ ನನ್ನ ಹಳೆಯ ವಿದ್ಯಾರ್ಥಿ, ಯಾಕೆ ಸಾರ್, ಪಾಪ ವಯಸ್ಸಾದೋರು, ಅಂದ, ಬರಲಿ ಬಿಡಪ್ಪ, ವಯಸ್ಸಾದೋರಿಗೆ ಬೆಳಗಿನ ಗಾಳಿ ಒಳ್ಳೇದು, ಅಂದೆ. ಇಡೀ ಒಂದು ವರ್ಷ ನನ್ನನ್ನು ಮೈದಾನದ ಅಂಚಿನ ಬೆಂಚಿನಲ್ಲಿ ಕೂರಿಸಿದವನು, ಈಗ ಕರೆಯುತ್ತಾನೆ, ಈಗ ಕರೆಯುತ್ತಾನೆ ಎಂದು ನಾನು ಅವನ ಬೆನ್ನನ್ನೇ ನೋಡುತ್ತ ಕೂತದ್ದು, ಮಂಡಿ ಊದಿದೆ ಸಾರ್ ಎಂದು ಒಂದೇ ಒಂದು ಸಲ ಬಾಯಿ ಬಿಟ್ಟದ್ದಕ್ಕೆ ಆ ಶಿಕ್ಷೆ, ಅದಕ್ಕೂ ಮೊದಲು ನಾಲ್ಕು ಪಂದ್ಯ ಅದೇ ಮಂಡಿಗೆ ಸೂಜಿ ಚುಚ್ಚಿಸಿ ಆಡಿಸಿದ್ದ, ಅದು ಬೇರೆ. ಮೂರು ಗಂಟೆ ಯಾವ ಮಹಾ. ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿದೆ, ಅದು ನಾನು ಮಾಡಿಸಿದ್ದಲ್ಲ, ಆದರೆ ಅವನು ಏದುಸಿರು ಬಿಡುತ್ತ ಹತ್ತಿ ಬಂದದ್ದು ನೋಡಿ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಪಕ್ಕದಲ್ಲಿ ಅವ್ವ, ತೊಡೆಯ ಮೇಲೆ ಚೀಲ, ಚೀಲದಲ್ಲಿ ಅರ್ಜಿ ತಿರಸ್ಕರಿಸಿದ ಮೂರು ಪತ್ರ. ಕಾಡಂಚಿನ ನಮ್ಮ ಜನರ ಇನ್ನೂರ ಹನ್ನೆರಡು ಮನೆಗೆ ಹಕ್ಕುಪತ್ರ ಕೊಡಿಸಿದವನು ನಾನು, ಶಾಲೆ ಬಿಟ್ಟ ಮೇಲೆ ಅದೇ ಕರಿಹಲಗೆಯ ಮೇಲೆ ಅರ್ಜಿಯ ನಮೂನೆ ಗೀರಿ, ಹುಟ್ಟಿದ ಜಾಗ ಸರಿಯಾಗಿ ಬರೀರಿ, ಒಂದಕ್ಷರ ತಪ್ಪಿದ್ರೂ ಹತ್ತು ವರ್ಷ ಅಲೆಸ್ತಾರೆ ಎಂದು ಬೈದು ಬೈದು ತುಂಬಿಸಿದವನು, ಹೆತ್ತವಳ ಅರ್ಜಿ ಮಾತ್ರ ಮೂರು ಸಲವೂ ವಾಪಸ್ಸು — ಮಗ ಹುಟ್ಟಿದ್ದು ಪಟ್ಟಣದಲ್ಲಿ, ಫುಟ್‌ಬಾಲ್ ಕ್ಲಬ್ಬಿನ ನೋಂದಣಿ ಹಾಳೆ ಹಾಗೆ ಹೇಳುತ್ತದೆ, ಆದ್ದರಿಂದ ಈ ಕುಟುಂಬ ಕಾಡಿನದಲ್ಲ. ಆ ಹಾಳೆ ಬರೆದವನು ಕೋಚ್. ಪಟ್ಟಣದ ಹುಡುಗರಷ್ಟೇ ಲೀಗ್ ಆಡಬಹುದೆಂಬ ನಿಯಮವಿತ್ತಂತೆ, ತನ್ನ ಮನೆಯ ವಿಳಾಸವನ್ನೇ ನನ್ನ ಹುಟ್ಟೂರು ಎಂದು ಗೀಚಿದ, ಆ ಹಾಳೆಯಿಂದ ಶಾಲೆಯ ದಾಖಲೆ, ಅದರಿಂದ ಪ್ರಮಾಣಪತ್ರ, ಅದರಿಂದ ಮೇಷ್ಟರ ಕೆಲಸ, ನಾನೂ ಕೈಯಾರೆ ಪ್ರತಿ ಅರ್ಜಿಯಲ್ಲಿ ಅದೇ ಸುಳ್ಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತ ಬಂದೆ, ಊರಿಗೆಲ್ಲ ಪಾಠ ಹೇಳುವ ಮೇಷ್ಟರು. ಮುಂದಿನ ತಿಂಗಳೊಳಗೆ ಇತ್ಯರ್ಥವಾಗದಿದ್ದರೆ ಅವ್ವ ಮನೆ ಖಾಲಿ ಮಾಡಬೇಕು. ಈ ಹುಡುಗನನ್ನು ಆ ಮನೆಯಿಂದಲೇ ಕರೆತಂದೆ ಎಂದು ಹೇಳಬಲ್ಲ ಹೊರಗಿನ ಮನುಷ್ಯ ಒಬ್ಬನೇ ಉಳಿದಿದ್ದಾನೆ, ಆ ಬೆಂಚಿನ ಮೇಲೆ.

ಹೇಳಲಿ, ಮೊದಲು ಹೇಳಲಿ, ಆಮೇಲೆ ನನ್ನ ಸರದಿ, ಸಾಕ್ಷಿಗೆ ಪ್ರಶ್ನೆ ಕೇಳಲು ನಮಗೆ ಅವಕಾಶ ಉಂಟು, ನಿಯಮವೆಲ್ಲ ನನಗೆ ಬಾಯಿಪಾಠ. ಹದಿನೈದು ವರ್ಷ ಆಡಿಸಿದಿರಲ್ಲ ಸಾರ್, ನನ್ನ ಹೆಸರೇನು? ಅಷ್ಟೇ, ಒಂದೇ ಪ್ರಶ್ನೆ. ಆ ಬಾಯಿಂದ ಒಂದು ದಿನವೂ ಬರದ ಹೆಸರು, ಕಾಡಾ ಬಾರೋ, ಕಾಡಾ ಓಡೋ, ಗೋಲು ಹೊಡೆದ ದಿನವೂ ನಮ್ಮ ಕಾಡ ಹೊಡ್ದ ನೋಡ್ರೀ ಎಂದು ಬೆನ್ನಿಗೊಂದು ಗುದ್ದು, ಅವನಿಂದ ಕಲಿತು ಗ್ಯಾಲರಿಯೂ ಕಾಡಾ ಕಾಡಾ, ಮಂಗನ ಹಾಗೆ ಕಿಚಕಿಚ, ನಾನು ಹಲ್ಲು ಕಚ್ಚಿ ಓಡಿದೆ, ಮಂಡಿ ಹೋದ ಮೇಲೆ ಗೋಡೆ ಗಡಿಯಾರ ಕೊಟ್ಟು ಕಳಿಸಿದರು, ಅದರ ಮೇಲೂ ಕಾಡ ಅಂತಲೇ ಕೆತ್ತಿಸಿದ್ದರು. ಈಗ ನನ್ನ ತರಗತಿಯಲ್ಲಿ ಹಾಜರಿ ಕೂಗುವಾಗ ಪ್ರತಿ ಮಗುವಿನ ಪೂರ್ತಿ ಹೆಸರು ಕೂಗುತ್ತೇನೆ, ತಾತನ ಹೆಸರೂ ಸೇರಿಸಿ, ಅರ್ಧ ಪೀರಿಯಡ್ಡು ಅದಕ್ಕೇ ಹೋಗುತ್ತದೆ, ಹೆಡ್‌ಮಾಸ್ಟರು ಗೊಣಗುತ್ತಾರೆ, ಗೊಣಗಲಿ. ಕೋಚ್‌ಗೆ ನನ್ನ ಹೆಸರು ಗೊತ್ತಿರುವುದಿಲ್ಲ, ಅಧಿಕಾರಿ ಮೇಡಂ ಎದುರು ತಡವರಿಸಬೇಕು, ಬೆವರಬೇಕು, ನಾನು ನೋಡಬೇಕು — ಆದರೆ ರೇಗಿದರೆ? ಹೇಳಿಕೆಗೆ ಸಹಿ ಹಾಕದೆ ಎದ್ದು ಹೋದರೆ? ಸಿಟ್ಟು ಅವನಿಗೂ ಮೂಗಿನ ತುದಿಯಲ್ಲೇ. ಅವ್ವನ ಮನೆಯೋ ನನ್ನ ಪ್ರಶ್ನೆಯೋ, ಎರಡೂ ಬೇಕು ನನಗೆ, ಸಹಿ ಬಿದ್ದ ಮರುಗಳಿಗೆ ಕೇಳುತ್ತೇನೆ. ದವಡೆ ಯಾಕೋ ಹಂಗೆ ಆಡ್ತಿದೆ ನಿಂದು, ಅವ್ವ ಕೇಳುತ್ತಾಳೆ, ಏನಿಲ್ಲ ಸುಮ್ನಿರವ್ವ.

ಕರೆಯುತ್ತಾರೆ, ಬರುತ್ತಾನೆ, ಊರುಗೋಲು, ಗುಂಡಿ ತಪ್ಪಿ ಹಾಕಿಕೊಂಡ ಅಂಗಿ, ನನ್ನ ಕಡೆ ನೋಡುವುದಿಲ್ಲ. ಹೌದು ಮೇಡಂ, ಸುಳ್ಳು ಬರ್ದಿದ್ದು ನಾನೇ. ಇಷ್ಟು ಬೇಗ ಒಪ್ಪಿಬಿಟ್ಟನಲ್ಲ, ಒಂದಿಷ್ಟು ಎಳೆದಾಡುತ್ತಾನೆ ಎಂದುಕೊಂಡಿದ್ದೆ. ಮೇಡಂ ಕನ್ನಡಕ ಏರಿಸಿ, ಇವರ ಮನೆಯಿಂದಾನೇ ಕರ್ಕೊಂಡು ಬಂದ್ರಿ ಅನ್ನೋದಕ್ಕೆ ಗುರುತು ಏನು, ಇಷ್ಟು ವರ್ಷ ಆದ್ಮೇಲೆ ಹೇಗೆ ನೆನಪಿರುತ್ತೆ ಎನ್ನುತ್ತಾರೆ. ನೆನಪಿದೆ ಮೇಡಂ, ಮರೆಯೋಕಾಗಲ್ಲ, ಜೀಪು ಅಂಗಳದಲ್ಲೇ ನಿಲ್ಸಿದ್ದೆ, ಹುಡುಗನ್ನ ಮುಂದೆ ಕೂರಿಸಿ ಹೊಸ ಷೂ ಕೊಟ್ಟೆ, ಬಗ್ಗಿ ಲೇಸು ಕಟ್ತಿದ್ದ — ಹೌದು, ಬಗ್ಗಿದ್ದೆ, ಹನ್ನೊಂದು ವರ್ಷ, ಜೀವನದ ಮೊದಲ ಷೂ, ತಲೆ ಎತ್ತಿದಾಗ ಅಂಗಳ ಖಾಲಿ, ಅವ್ವ ಕಳಿಸಲು ಹೊರಗೇ ಬರಲಿಲ್ಲ ಎಂದುಕೊಂಡೆ, ಆ ಮುನಿಸನ್ನು ಮೂವತ್ತಾರು ವರ್ಷ ಸಾಕಿದ್ದೇನೆ, ಒಮ್ಮೆಯೂ ಕೇಳಲಿಲ್ಲ — ಹಿಂದಿನ ಬಾಗಿಲು ಸರಿಯಾಗಿ ಹಾಕಿಲ್ಲ ಅಂತ ಇವನಿಗೆ ಹೇಳಿ ಇಳಿದೆ ಮೇಡಂ, ಬಾಗಿಲು ಹಾಕಿತ್ತು, ಇವನ ತಾಯಿ ಜೀಪಿನ ಹಿಂದಿನ ಸರಳು ಹಿಡ್ಕೊಂಡು ನಿಂತಿದ್ರು. ಕೂಗಲಿಲ್ಲ, ಅಳಲಿಲ್ಲ, ಬಿಡಲೂ ಇಲ್ಲ. ನಾನೇ ಬಿಡಿಸ್ದೆ, ಒಂದೊಂದೇ ಬೆರಳು. ಎಡಗೈ ಕಿರುಬೆರಳು ಮಡಚೋದಿಲ್ಲ ಇವರದು, ಅದೊಂದನ್ನ ಬಿಡಿಸೋದು ಬೇಕಿರಲಿಲ್ಲ. ನೋಡಿ ಬೇಕಾದ್ರೆ.

ಅವ್ವ ಚೀಲ ಬದಿಗಿಟ್ಟು ಎಡಗೈ ಮೇಜಿನ ಮೇಲೆ ಇಡುತ್ತಾಳೆ, ಕಿರುಬೆರಳು ನೆಟ್ಟಗೆ, ಮೇಡಂ ಮುಟ್ಟುವುದಿಲ್ಲ, ನೋಡುತ್ತಾರೆ, ಬರ್ಕೊಳ್ಳಿ ಎನ್ನುತ್ತಾರೆ, ಗುಮಾಸ್ತ ಬರೆಯುತ್ತಾನೆ, ಕೋಚ್ ಸಹಿ ಹಾಕುತ್ತಾನೆ, ಮನೆ ಉಳಿಯಿತು, ಇಷ್ಟೇ ಹೊತ್ತು ಹಿಡಿದದ್ದು. ನೀವೇನಾದ್ರೂ ಕೇಳೋದಿದ್ಯಾ ಮೇಷ್ಟ್ರೇ. ಇದೆ, ಇತ್ತು, ಹೆಸರು — ಯಾರ ಹೆಸರು, ಇಷ್ಟು ವರ್ಷ ಸಾಣೆ ಹಿಡಿದದ್ದು ಆ ಚಿಕ್ಕ ಪ್ರಶ್ನೆಯನ್ನೋ, ಇವನಿಗೆ ಅದು ಸಾಲದು, ಯಾವುದೂ ಸಾಲದು, ಅವನ ಕೈ ನೋಡುತ್ತೇನೆ, ಊರುಗೋಲಿನ ಮೇಲಿನ ಮುದಿ ಕೈ, ಆ ಕೈಯೇ. ಯಾಕೆ ಹೇಳ್ಲಿಲ್ಲವ್ವ ನನಗೆ. ಹೇಳಿದ್ರೆ ನೀನು ಆಡ್ತಿದ್ಯಾ, ಎನ್ನುತ್ತಾಳೆ. ಮೇಷ್ಟ್ರೇ, ಕೇಳೋದಿದ್ಯಾ. ಜೀಪಿನ ಮುಂದಿನ ಸೀಟಿನಲ್ಲಿ ನಾನು ಬಗ್ಗಿದ್ದೇನೆ, ಲೇಸು ಉದ್ದವಿದೆ, ಎರಡು ಸುತ್ತು ಬರುತ್ತದೆ, ಹಿಂದೆ ಅವನು ಅವ್ವನ ಹೆಬ್ಬೆರಳು ಬಿಡಿಸುತ್ತಾನೆ, ತೋರುಬೆರಳು ಬಿಡಿಸುತ್ತಾನೆ, ನಡುಬೆರಳು, ಅಷ್ಟರಲ್ಲಿ ಹೆಬ್ಬೆರಳು ಮತ್ತೆ ಸರಳು ಹಿಡಿಯುತ್ತದೆ, ನಾನು ಗಂಟು ಹಾಕುತ್ತಿದ್ದೇನೆ, ಅವನು ಮತ್ತೆ ಹೆಬ್ಬೆರಳು ಬಿಡಿಸುತ್ತಾನೆ, ತೋರುಬೆರಳು, ನಡುಬೆರಳು, ಹೆಬ್ಬೆರಳು ಮತ್ತೆ